ವಿಶಾಖಪಟ್ಟಣಕ್ಕೆ ಹೊರಟವರು ಇದನ್ನೊಮ್ಮೆ ಓದ್ಕೊಂಡು ಹೋಗ್ರಿ

ಮೇ ತಿಂಗಳ ಕಲಬುರಗಿ ಬಿಸಿಲಿನ ಬಗ್ಗೆ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹನ್ನೊಂದು ಹೊಡೆದರೆ ಸೂಪರ್ ಮಾರ್ಕೆಟ್ ಕಡೆ ನಾಯಿ ಸಹ ಹಾಯುವುದಿಲ್ಲ. ಮಕ್ಕಳಿಗೆ ಸೂಟಿ, ದೊಡ್ಡವರಿಗೆ ಕೂಲರಿಗೆ ನೀರು ತುಂಬುವುದೇ ಒಂದು ನೌಕರಿ. ನಮ್ಮ ಅವ್ವನಿಗೆ ಅರವತ್ತೆಂಟು ದಾಟಿದೆ, ಸಮುದ್ರ ಕಂಡಿಲ್ಲ. ಮಗನಿಗೆ ಸಬ್‌ಮರೀನ್ ಹುಚ್ಚು. ಇಬ್ಬರಿಗೂ ಆಗುವ ಊರು ಅಂದರೆ ವಿಶಾಖಪಟ್ಟಣ. ಕೊನಾರ್ಕ್ ಎಕ್ಸ್‌ಪ್ರೆಸ್ ಹತ್ತಿದರೆ ನಡುವೆ ಗಾಡಿ ಬದಲಿಸುವ ತಾಪತ್ರಯವಿಲ್ಲ, ರಾತ್ರಿ ಇಲ್ಲಿ ಕೂತರೆ ಮರುದಿನ ಸಂಜೆ ಅಲ್ಲಿ. ಹಾಗಂತ ಹೊರಟೆವು.

ಹೋಗಿ ಬಂದ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ: ಊರು ಬಿಡುವ ಮೊದಲೇ 13,600 ರೂಪಾಯಿ ಮುಳುಗಿತು, ಅಲ್ಲಿಗೆ ಹೋದ ಮೇಲೆ ಕಾರಿನವನಿಗೆ 4,500 ದಂಡ. ಊರಿನದೇನೂ ತಪ್ಪಿಲ್ಲ, ಚಂದದ ಊರು. ತಪ್ಪು ಮೋಸಗಾರರದು, ಅರ್ಧ ನನ್ನದು.

ರೂಮಿನ ಕಥೆ ಕೇಳಿ. ಋಷಿಕೊಂಡ ಕಡೆ ಸಮುದ್ರಕ್ಕೆ ಮುಖ ಮಾಡಿದ ಒಂದು ವಸತಿಗೃಹ ಚಲೋ ಇದೆ ಅಂತ ಯಾರೋ ಹೇಳಿದ್ದರು. ಮ್ಯಾಪ್‌ನಲ್ಲಿ ಹೆಸರು ಹುಡುಕಿದೆ. ಫೋಟೊ ಬಂತು, ನಾಲ್ಕೂವರೆ ಸ್ಟಾರ್ ಬಂತು, ಕೆಳಗೆ ಒಂದು ಮೊಬೈಲ್ ನಂಬರ್. ಹಚ್ಚಿದೆ. ಎತ್ತಿದವನು ಹಿಂದಿಯಲ್ಲಿ ಎಷ್ಟು ನಯವಾಗಿ ಮಾತಾಡಿದ ಅಂದರೆ, ನಮ್ಮ ಬೀಗರು ಸಹ ನನ್ನ ಜೊತೆ ಅಷ್ಟು ನಯವಾಗಿ ಮಾತಾಡಿಲ್ಲ. ಸಮುದ್ರ ಕಾಣುವ ರೂಮು ಎರಡೇ ಉಳಿದಿವೆ, ಇನ್ನೊಂದು ಪಾರ್ಟಿ ಲೈನಿನಲ್ಲಿದೆ ಅಂದ. ವಾಟ್ಸಾಪ್‌ಗೆ ರೇಟ್ ಕಾರ್ಡ್, ರೂಮಿನ ಫೋಟೊ, ಬಾಲ್ಕನಿಯಿಂದ ತೆಗೆದ ಸೂರ್ಯೋದಯ. ಡಿಪಿಯಲ್ಲಿ ಸರ್ಕಾರಿ ಕಾಣುವಂಥ ಲಾಂಛನ. ಆಧಾರ್ ಕೇಳಿದ. ಮೂವರು ದೊಡ್ಡವರದೂ ಎರಡೂ ಬದಿ ಫೋಟೊ ಹೊಡೆದು ಕಳಿಸಿದೆ. ಮೊದಲ ಎಂಟು ಅಂಕಿ ಮುಚ್ಚಿದ ಆಧಾರ್ ಪ್ರತಿ ಡೌನ್‌ಲೋಡ್ ಮಾಡಿಕೊಳ್ಳಲು ಬರುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಆಮೇಲೆ.

ಎರಡು ರೂಮು, ಎರಡು ರಾತ್ರಿ, ರೂಮಿಗೆ 1,700ರಂತೆ 6,800. ಪೂರ್ತಿ ಮುಂಗಡ. ಪಿನ್ ಹೊಡೆಯುವ ಮುಂಚೆ ಪರದೆಯ ಮೇಲೆ ಹಣ ಪಡೆಯುವವರ ಹೆಸರು ಬರುತ್ತದಲ್ಲ, ಅಲ್ಲಿ ವಸತಿಗೃಹದ ಹೆಸರಿರಲಿಲ್ಲ, ಯಾವನೋ ಒಬ್ಬ ಮನುಷ್ಯನ ಹೆಸರಿತ್ತು. ಕೇಳಿದೆ. ಮ್ಯಾನೇಜರ್ ಖಾತೆ, ಸಾಹೇಬ್ರೇ ಅಂದ. ಆಯ್ತು ಅಂದೆ.

ಗಂಜ್‌ನಲ್ಲಿ ಅಡತಿ ಅಂಗಡಿಯ ಲೆಕ್ಕ ಬರೆಯುವವನು ನಾನು. ತೊಗರಿ ಚೀಲಕ್ಕೆ ಕೈ ಹಾಕಿ, ಕಾಳು ಹಲ್ಲಿನಲ್ಲಿ ಕಡಿದು ಹಸಿ ಎಷ್ಟಿದೆ ನೋಡದೆ ನಮ್ಮಲ್ಲಿ ಯಾರೂ ರೇಟ್ ಆಡುವುದಿಲ್ಲ. ಅಂಥಲ್ಲಿ ಹದಿನೆಂಟು ವರ್ಷ ಕೂತವನು ಒಂದು ಫೋಟೊ ನೋಡಿ ದುಡ್ಡು ಹಾಕಿದೆ.

ಐದು ನಿಮಿಷಕ್ಕೆ ಫೋನ್ ಬಂತು. "ಸಾಹೇಬ್ರೇ, ನೀವು 6,800 ಹಾಕಿದಿರಿ. ನಮ್ಮ ಸಿಸ್ಟಮ್‌ನಲ್ಲಿ 6,800 ರೂಪಾಯಿ 50 ಪೈಸೆ ಬರಬೇಕು. ಪೈಸೆ ಇಲ್ಲದ್ದಕ್ಕೆ ಬುಕಿಂಗ್ ಹತ್ತಿಲ್ಲ. ಇನ್ನೊಮ್ಮೆ ಪೈಸೆ ಸಮೇತ ಹಾಕಿ, ಮೊದಲಿನದು ತಾನಾಗಿ ವಾಪಸ್ ಬರುತ್ತದೆ." ಬರೀ ಐವತ್ತು ಪೈಸೆ ಕಳಿಸುತ್ತೇನೆ ಅಂದರೆ ಸಿಸ್ಟಮ್ ತಗೊಳ್ಳುವುದಿಲ್ಲವಂತೆ. ಫೋನ್ ಇಡಲು ಬಿಡಲಿಲ್ಲ, ಲೈನಿನಲ್ಲೇ ಇರ್ರಿ, ನಾನು ಹೇಳಿದಂಗೆ ಒತ್ತಿ ಅಂದ. ಒತ್ತಿದೆ. ಆ ಪೈಸೆಯ ಆಟ ಇವರ ಖಾಯಂ ಆಟವಂತೆ, ದೇವಸ್ಥಾನಗಳ ಯಾತ್ರಿ ನಿವಾಸದ ಹೆಸರಲ್ಲೂ ಇದನ್ನೇ ಆಡುತ್ತಾರೆ.

ಮೂರನೇ ಸಲ ಜಿಎಸ್‌ಟಿ ಠೇವಣಿ ಅಂತ 3,000 ಕೇಳುವ ಹೊತ್ತಿಗೆ ನನ್ನ ಹೆಂಡತಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಹೊರಗೆ ಬಂದಳು. "ರೀ, ಆ ಫೋನ್ ಕೆಳಗಿಡ್ರಿ. ಎಂಟಾಣೆ ಸಲುವಾಗಿ ಏಳು ಸಾವಿರ ಮತ್ತೊಮ್ಮೆ ಹಾಕೋರು ಈ ಲೋಕದಾಗ ನೀವೊಬ್ರೇ ಇರಬೇಕು." ಅಲ್ಲಿಗೆ ನಿಂತಿತು. ಅವನೂ ಜಗಳಾಡಲಿಲ್ಲ, ಆಯ್ತು ಬಿಡಿ ಸಾಹೇಬ್ರೇ ಅಂತ ಒಂದು ಪಿಡಿಎಫ್ ಕಳಿಸಿದ. ನನ್ನ ಹೆಸರು, ರೂಮ್ ನಂಬರ್, ಸೀಲು, ಸಹಿ. ಆ ಸೀಲು ನೋಡಿ ನನಗೆ ಸಮಾಧಾನವಾಯಿತು ಅನ್ನುವುದೇ ಈಗ ನಾಚಿಕೆಯ ವಿಷಯ. ಹೆಚ್ಚಿನ ದುಡ್ಡು ಏಳು ದಿನದಲ್ಲಿ ವಾಪಸ್ ಬರುತ್ತದೆ ಅಂತ ಮನೆಯಲ್ಲಿ ಹೇಳಿದೆ, ನನಗೂ ಹೇಳಿಕೊಂಡೆ. ಹತ್ತು ದಿನ ಸುಮ್ಮನೆ ಕಳೆದೆ.

ಆ ಹತ್ತು ದಿನವೇ ಕೊಂದಿದ್ದು. ದುಡ್ಡು ಹೋಯಿತು ಅನ್ನಿಸಿದ ಗಳಿಗೆಯಲ್ಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಬ್ಯಾಂಕಿನ ಹೆಸರು, ಹೊತ್ತು, ಮೊತ್ತ, ವ್ಯವಹಾರದ 12 ಅಂಕಿಯ ನಂಬರ್ ಕೇಳುತ್ತಾರೆ. ದುಡ್ಡು ಇನ್ನೂ ಆ ಕಡೆಯ ಖಾತೆಯಲ್ಲೇ ಇದ್ದರೆ ಅದನ್ನು ಅಲ್ಲೇ ತಡೆಹಿಡಿಸಲು ಬರುತ್ತದೆ. ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಎಟಿಎಂಗೆ ಹೋದ ಮೇಲೆ ಹಿಡಿಯುವುದು ಯಾರನ್ನ? ನಾನು ಫೋನ್ ಮಾಡಿದ್ದು ವಿಶಾಖಪಟ್ಟಣದ ಲಾಡ್ಜಿನ ಮೆಟ್ಟಿಲ ಮೇಲೆ ಕೂತು. ದೂರಿನ ನಂಬರ್ ಒಂದು ಸಿಕ್ಕಿತು, ಅಷ್ಟೇ.

ಭಾನುವಾರ ಸಂಜೆ ಸ್ಟೇಷನ್ನಿನಲ್ಲಿ ಇಳಿದು, ಆಟೊ ಹಿಡಿದು ಆ ವಸತಿಗೃಹ ಮುಟ್ಟಿದಾಗ ಕತ್ತಲಾಗಿತ್ತು. ಕೌಂಟರಿನಲ್ಲಿದ್ದ ಹುಡುಗಿ ನನ್ನ ಪಿಡಿಎಫ್ ನೋಡಿದಳು, ಕಂಪ್ಯೂಟರ್ ಮುಟ್ಟಲೂ ಇಲ್ಲ. ಡ್ರಾಯರ್‌ನಿಂದ ಒಂದು ಹಾಳೆ ತೆಗೆದು ನನ್ನ ಹೆಸರು, ಊರು ಬರೆದುಕೊಂಡಳು. ನನ್ನ ಮೇಲೆ ಮೂರು ಹೆಸರು ಆಗಲೇ ಇದ್ದವು, ಎಲ್ಲ ಅದೇ ವಾರದವು. ಇದು ನಮ್ಮ ನಂಬರ್ ಅಲ್ಲ ಸಾರ್, ನಮ್ಮದು ಲ್ಯಾಂಡ್‌ಲೈನ್ ಅಂತ ಗೋಡೆಯ ಬೋರ್ಡ್ ತೋರಿಸಿದಳು. 0891ರಿಂದ ಶುರುವಾಗುವ ನಂಬರ್, ಅದು ವಿಶಾಖಪಟ್ಟಣದ ಕೋಡ್, ನಮ್ಮದು 08472 ಇದ್ದ ಹಾಗೆ. ಸೂಟಿಯ ಭಾನುವಾರ, ರೂಮು ಒಂದೂ ಖಾಲಿ ಇಲ್ಲ. ಅವ್ವ ಹೊರಗೆ ಮೆಟ್ಟಿಲ ಮೇಲೆ ಕಡಕ್ ರೊಟ್ಟಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕತ್ತಲಲ್ಲಿ ಸಮುದ್ರದ ಸಪ್ಪಳ ಮಾತ್ರ ಕೇಳುತ್ತಿತ್ತು. "ಅದೇನೋ ಅದು, ರೈಲು ಹೊಂಟಂಗ?" ಅಂದಳು. ಮೊದಲ ಸಲ ಸಮುದ್ರ ತೋರಿಸಬೇಕು ಅಂತ ಕರೆತಂದ ಮಗನ ಹಣೆಬರಹ. ಹತ್ತೂವರೆಗೆ ಮತ್ತೆ ಸ್ಟೇಷನ್ ಹತ್ತಿರ ಬಂದು ಲಾಡ್ಜ್ ಹಿಡಿದೆವು.

ಅಲ್ಲೇ ಎರಡನೇ ಗುಂಡಿ. ಲಾಡ್ಜಿನ ಹೊರಗೆ ನಿಂತಿದ್ದ ಕಾರಿನವನು ಒಂದು ಲ್ಯಾಮಿನೇಟ್ ಕಾರ್ಡ್ ಹಿಡಿದು, ನಾಳೆ ಒಂದೇ ದಿನದಲ್ಲಿ ಹತ್ತು ಪಾಯಿಂಟ್, 4,500 ಅಂದ. ಬೆಳಗಿನ ಬಂದರಿನ ಮೀನು ಹರಾಜು, ಸಬ್‌ಮರೀನ್, ವಿಮಾನದ ಮ್ಯೂಸಿಯಂ, ಜೂ, ಕೈಲಾಸಗಿರಿ, ಹೀಗೆ. ದಣಿದಿದ್ದೆ, ಹೂಂ ಅಂದೆ. ನಾಳೆ ಸೋಮವಾರ ಅನ್ನುವುದು ನನಗೆ ಹೊಳೆಯಲಿಲ್ಲ. ಅವನಿಗೆ ಗೊತ್ತಿತ್ತು.

ಐದೂವರೆಗೆ ಮೀನುಗಾರಿಕೆ ಬಂದರು. ಮಕ್ಕಳು ನಿದ್ದೆಗಣ್ಣಲ್ಲಿ, ಮೀನು ತಿನ್ನದ ನಾವು ಮೂಗು ಮುಚ್ಚಿಕೊಂಡು. ಅಲ್ಲಿ ಹರಾಜೂ ಇಲ್ಲ, ಗದ್ದಲವೂ ಇಲ್ಲ. ಬೋಟುಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿದ್ದವು, ಹಗ್ಗದ ಮೇಲೆ ಬನಿಯನ್ ಒಣಗುತ್ತಿದ್ದವು, ಒಬ್ಬ ಬೋಟಿನ ಹೊಟ್ಟೆಗೆ ಬಣ್ಣ ಬಳಿಯುತ್ತಿದ್ದ. ಇವತ್ತು ಯಾಕೋ ಕಡಿಮೆ ಅಂದ ಕಾರಿನವನು. ನಮ್ಮ ಅವ್ವ ಸೇಡಂ ಕಡೆಯವಳು, ತೆಲುಗು ಬರುತ್ತದೆ. ಬಲೆ ಹೆಣೆಯುತ್ತ ಕೂತಿದ್ದ ಹೆಂಗಸಿನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು ಮಾತು ತೆಗೆದಳು. ಆಕೆಗೆ ಈ ಕಡೆಯ ತೆಲುಗು ಕೇಳಿ ನಗು. "ಇಪ್ಪುಡು ವೇಟ ಲೇದಮ್ಮಾ" ಅಂದಳು. ಬೇಟೆ ಇಲ್ಲ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ, ಯಂತ್ರದ ಬೋಟು ಸಮುದ್ರಕ್ಕೆ ಇಳಿಯುವಂತಿಲ್ಲ, ಮೀನು ಮೊಟ್ಟೆ ಇಟ್ಟು ಮರಿ ಮಾಡುವ ಕಾಲ. ಪ್ರತಿ ವರ್ಷ ಇದ್ದದ್ದೇ. ಆ ಊರಿನ ಕಾರಿನವನಿಗೆ ಇದು ಗೊತ್ತಿಲ್ಲ ಅಂದರೆ ನಂಬುವವರು ಯಾರು? ಅವ್ವ ಎದ್ದು ಬಂದು ಅವನ ಮುಖ ನೋಡಿ ತೆಲುಗಿನಲ್ಲೇ ಏನೋ ಅಂದಳು. ಏನಂದೆ ಅಂತ ಕೇಳಿದರೆ ಇವತ್ತಿಗೂ ಹೇಳುವುದಿಲ್ಲ.

ಅಲ್ಲಿಂದ ಮುಂದೆ ಎಲ್ಲ ಬೀಗ. ಸಬ್‌ಮರೀನ್ ಮ್ಯೂಸಿಯಂಗೆ ಸೋಮವಾರ ರಜೆ, ಎದುರಿನ ಟಿಯು-142 ವಿಮಾನದ ಮ್ಯೂಸಿಯಂಗೂ ರಜೆ, ಜೂಗೂ ರಜೆ. ಮಗ ಗೇಟಿನ ಸರಳು ಹಿಡಿದು ನಿಂತವನು ಬಿಡಲೊಲ್ಲ. ಹೊರಗಿಂದ ಕಾಣತದಲ್ಲ ಸಾರ್, ಒಂದು ಪಾಯಿಂಟ್ ಆಯಿತು ಅಂತ ಕಾರಿನವನ ಲೆಕ್ಕ. ಉಳಿದ ಹೊತ್ತಿನಲ್ಲಿ ಗೋಡಂಬಿ ಅಂಗಡಿ, ಮುತ್ತಿನ ಅಂಗಡಿ, ಸೀರೆ ಅಂಗಡಿ. ಮುತ್ತಿನ ಅಂಗಡಿಯಲ್ಲಿ ನಾವು ಏನೂ ಕೊಳ್ಳದೆ ಹೊರಬಂದಾಗ ಅಂಗಡಿಯವನು ನಮ್ಮನ್ನು ನೋಡಲಿಲ್ಲ, ಅವನನ್ನು ನೋಡಿದ. ಕೈಲಾಸಗಿರಿ ಒಂದು ಮಾತ್ರ ಕಂಡಿತು: ಮೇಲಿಂದ ಇಡೀ ಕರಾವಳಿ, 40 ಅಡಿಯ ಶಿವ ಪಾರ್ವತಿ. ಅಲ್ಲಿಗೆ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು, ಮನಸ್ಸು ಸ್ವಲ್ಪ ತಣ್ಣಗಾಯಿತು. ಸಂಜೆ 4,500ರಲ್ಲಿ ಒಂದು ರೂಪಾಯಿ ಕಡಿಮೆ ಮಾಡಲಿಲ್ಲ, ಪಾರ್ಕಿಂಗ್ ಬೇರೆ ಕೇಳಿದ.

ಮಂಗಳವಾರ ಯಾರನ್ನೂ ನಂಬಲಿಲ್ಲ, ಸಿಟಿ ಬಸ್ಸು, ಆಟೊ. ಬಂದರಿನ ಪಕ್ಕದಲ್ಲಿ ಮೂರು ಗುಡ್ಡಗಳಿವೆ, ಒಂದರ ಮೇಲೆ ವೆಂಕಟೇಶ್ವರನ ಗುಡಿ, ಒಂದರ ಮೇಲೆ ದರ್ಗಾ, ರಾಸ್ ಹಿಲ್ ಅನ್ನುವ ಮೂರನೆಯದರ ಮೇಲೆ ಮೇರಿ ಮಾತೆಯ ಚರ್ಚು. ಬಂದೇ ನವಾಜ್ ಉರುಸಿಗೂ ಶರಣಬಸವಪ್ಪನ ತೇರಿಗೂ ಒಂದೇ ಉಮೇದಿಯಿಂದ ಹೋಗುವ ನಮ್ಮೂರಿನವರಿಗೆ ಹೇಳಿ ಮಾಡಿಸಿದ ಜಾಗ. ಮೇಲೆ ನಿಂತರೆ ಡಾಲ್ಫಿನ್ಸ್ ನೋಸ್ ಗುಡ್ಡದ ಬುಡದಲ್ಲಿ ಹಡಗುಗಳು ಒಂದೊಂದಾಗಿ ಕಾಲುವೆ ಹೊಕ್ಕು ಬರುವುದು ಕಾಣುತ್ತದೆ. ಒಂದು ಹಡಗು ಒಳಗೆ ಬರುವವರೆಗೆ ಅವ್ವ ಕದಲಲಿಲ್ಲ. "ಇಷ್ಟು ನೀರು ಇಲ್ಲಿಟ್ಟು ನಮ್ಮ ಕಡಿಗಿ ಒಂದು ಹನಿ ಮಳಿ ಕೊಡಲ್ಲಲ್ಲೋ ಶಿವ" ಅಂದಳು. ಕಾರಿನವನ ಹತ್ತು ಪಾಯಿಂಟಿನ ಕಾರ್ಡಿನಲ್ಲಿ ಈ ಗುಡ್ಡಗಳೇ ಇರಲಿಲ್ಲ. ಅಂಗಡಿ ಇಲ್ಲವಲ್ಲ.

ಮಧ್ಯಾಹ್ನ ಕುರ್ಸುರಾ. 1969ರಲ್ಲಿ ನೌಕಾಪಡೆ ಸೇರಿ, 1971ರ ಯುದ್ಧ ಕಂಡು, 2001ರಲ್ಲಿ ನಿವೃತ್ತಿಯಾದ ಸಬ್‌ಮರೀನ್. ಮರುವರ್ಷ ಅದನ್ನು ಎಳೆದು ತಂದು ಬೀಚಿನ ಮರಳ ಮೇಲೆ ಕೂರಿಸಿದ್ದಾರೆ. ಒಳಗೆ ತೋರಿಸುವವರು ನೌಕಾಪಡೆಯಿಂದ ನಿವೃತ್ತರಾದವರು, ಮಗನ ಪ್ರಶ್ನೆಗೆಲ್ಲ ಬೇಸರವಿಲ್ಲದೆ ಉತ್ತರ ಕೊಟ್ಟರು. ಹಿರಿಯರನ್ನು ಕರೆದೊಯ್ಯುವವರಿಗೆ ಒಂದು ಮಾತು: ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ಬಾಗಿಲು ಬಾಗಿಲಲ್ಲ, ಗೋಡೆಯಲ್ಲಿ ಕೊರೆದ ದುಂಡನೆಯ ಕಿಂಡಿ. ಸೊಂಟ ಬಗ್ಗಿಸಿ, ಒಂದು ಕಾಲು ಮೊದಲು ಎತ್ತಿ ಆಚೆ ಇಟ್ಟು ನುಸುಳಬೇಕು. ಮಂಡಿ ನೋವಿನ ಅವ್ವನನ್ನು ಹೊರಗೇ ಕೂರಿಸಿ ಮುರಿ ಮಿಕ್ಸ್ಚರ್ ಕೊಡಿಸಿದೆವು. ನಮ್ಮ ಮಂಡಾಳಿನ ಸೂಸಲದ ಮುಂದೆ ಅದೇನಿಲ್ಲ ಅಂದಳು, ಪೊಟ್ಟಣ ಮಾತ್ರ ಖಾಲಿ.

ನೀರಿಗೆ ಇಳಿಯುವ ವಿಷಯ. ಈ ಸಬ್‌ಮರೀನ್ ಇರುವ ಆರ್‌ಕೆ (ರಾಮಕೃಷ್ಣ) ಬೀಚಿನಲ್ಲಿ ಮೊಣಕಾಲಿನ ಮೇಲೆ ಹೋಗಬೇಡಿ. ಭೀಮೆ, ಕಾಗಿಣಾದಲ್ಲಿ ಈಜು ಕಲಿತವರಿಗೆ ಧೈರ್ಯ ಜಾಸ್ತಿ, ನನಗೂ ಇತ್ತು. ಅಲೆ ಹಿಂದೆ ಸರಿಯುವಾಗ ಕಾಲ ಕೆಳಗಿನ ಮರಳನ್ನೇ ಎಳೆದುಕೊಂಡು ಹೋಗುತ್ತದೆ, ಒಂದು ಸಲ ನನ್ನನ್ನು ಕೂರಿಸಿಯೇಬಿಟ್ಟಿತು. ಸೀಟಿ ಊದಿದಾಗ ಹಿಂದೆ ಬನ್ನಿ, ಅಲ್ಲಿ ಜನ ಮುಳುಗಿ ಸತ್ತಿದ್ದಾರೆ.

ಕಲಬುರಗಿಗೆ ಬಂದ ಮೇಲೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಹೋಗಿ ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸಾಪ್ ಮಾತುಕತೆಯ ಪ್ರಿಂಟ್ ಕೊಟ್ಟು ಬಂದೆ. ಆ ನಂಬರನ್ನು ಫೋನಿನಿಂದ ತೆಗೆದಿಲ್ಲ. ನಿನ್ನೆ ರಾತ್ರಿ ಸುಮ್ಮನೆ ತೆರೆದು ನೋಡಿದರೆ ಡಿಪಿ ಬದಲಾಗಿದೆ. ಸಮುದ್ರ ಹೋಗಿ ಅಲ್ಲೀಗ ಒಂದು ದೇವಸ್ಥಾನದ ಗೋಪುರ ಬಂದಿದೆ, ಕೆಳಗೆ ಯಾತ್ರಿ ನಿವಾಸ, ರೂಮು ಬುಕಿಂಗ್ ಶುರುವಾಗಿದೆ ಅಂತ ಬರೆದಿದೆ.