ಪೀಲ್ ಬಾಟಲಿ ಮೇಲೆ ಎಷ್ಟು ಪರ್ಸೆಂಟ್ ಅಂತ ಬರೆದಿದೆ?

ಮನೆಯಲ್ಲಿ ರಾತ್ರಿ ರೆಟಿನಾಲ್ (ವಿಟಮಿನ್ ಎ ಇರುವ ಕ್ರೀಮ್) ಹಚ್ಚುವವರು ಸಲೂನ್‌ನಲ್ಲಿ ಕೆಮಿಕಲ್ ಪೀಲ್ (ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವುದು) ಮಾಡಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಓದಿ. ನನ್ನ ಎರಡೂ ಕೆನ್ನೆಯ ಮೇಲೆ ಕಂದು ಕಲೆ ಉಳಿದಿದೆ.

ರೆಟಿನಾಲ್ ಬಳಸುತ್ತೇನೆ ಅಂತ ಸಲೂನ್‌ನವರಿಗೆ ನಾನೇ ಹೇಳಿದ್ದೆ. "ಏನಾಗಲ್ಲ ಮೇಡಂ, ಇದು ಬರೀ ಫ್ರೂಟ್ ಆಸಿಡ್" ಅಂದರು. ಯಾವ ಆಸಿಡ್, ಎಷ್ಟು ಪರ್ಸೆಂಟ್ ಅಂತ ಕೇಳಿದೆ. "ತುಂಬಾ ಮೈಲ್ಡ್" ಅನ್ನುವುದೇ ಉತ್ತರ. ಬಾಟಲಿ ಮೇಲೆ ಲೇಬಲ್ಲೇ ಇರಲಿಲ್ಲ. ಹಚ್ಚಿದ ಕೂಡಲೇ ಚುರುಚುರು ಅಂತು. ಸ್ವಲ್ಪ ಹೊತ್ತಿಗೆ ತಡೆಯಲಾಗದ ಉರಿ. ಹೇಳಿದರೆ, "ಅಂದ್ರೆ ಕೆಲಸ ಮಾಡ್ತಿದೆ" ಅಂತ ಇನ್ನೊಬ್ಬರ ಹುಬ್ಬು ತಿದ್ದಲು ಹೋಗಿಬಿಟ್ಟರು.

ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ. ಆಮೇಲೆ ಚರ್ಮದ ಡಾಕ್ಟರ್ ಹತ್ತಿರ ಹೋದಾಗ ತಿಳಿಯಿತು: ಫ್ರೂಟ್ ಆಸಿಡ್‌ಗಳಲ್ಲಿ ಒಂದಾದ ಗ್ಲೈಕಾಲಿಕ್ ಆಸಿಡ್ ತಾನಾಗಿ ನಿಲ್ಲುವುದಿಲ್ಲ. ಅಡುಗೆ ಸೋಡಾ ಬೆರೆಸಿದ ನೀರಿನಂಥದ್ದು ಹಾಕಿ ನಿಲ್ಲಿಸಬೇಕು, ಇಲ್ಲವೇ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಹಚ್ಚಿದವರು ಗಡಿಯಾರವನ್ನೂ ಮುಖವನ್ನೂ ನೋಡುತ್ತಾ ಪಕ್ಕದಲ್ಲೇ ಇರಬೇಕು. ಎಲ್ಲಾದರೂ ಜಾಸ್ತಿ ಕೆಂಪಾದರೆ ಆ ಜಾಗದಲ್ಲಿ ಆಸಿಡ್ ಅನ್ನು ಮೊದಲು ನಿಲ್ಲಿಸಬೇಕು. ಜೊತೆಗೆ, ರೆಟಿನಾಲ್ ಹಚ್ಚುವ ಚರ್ಮದಲ್ಲಿ ಆಸಿಡ್ ಹೆಚ್ಚು ಆಳಕ್ಕೆ ಇಳಿಯಬಹುದು. ಅದಕ್ಕೇ ಪೀಲ್‌ಗೆ ಕೆಲವು ದಿನ ಮೊದಲೇ ರೆಟಿನಾಲ್ ನಿಲ್ಲಿಸಲು ಹೇಳುತ್ತಾರೆ. ನಮ್ಮಂಥ ಕಂದು ಚರ್ಮಕ್ಕೆ ಸುಟ್ಟ ಗಾಯ ಮಾಸಿದ ಮೇಲೂ ಕಪ್ಪು ಉಳಿಯುವ ಸಾಧ್ಯತೆ ಜಾಸ್ತಿ. ಆ ಕಲೆ ಹೋಗಲು ತಿಂಗಳುಗಳೇ ಬೇಕು. ಆಳಕ್ಕೆ ಇಳಿದಿದ್ದರೆ ಇನ್ನೂ ಹೆಚ್ಚು.

ವಾಪಸ್ ಸಲೂನ್‌ಗೆ ಹೋಗಿ ಮುಖ ತೋರಿಸಿದೆ. ಕಲೆ ತೆಗೆಯಲು ಇನ್ನೊಂದು ಪೀಲ್ ಮಾಡೋಣ ಅಂದರು! ಧೈರ್ಯ ಮೆಚ್ಚಬೇಕು, ಅಲ್ವಾ?

ಹಾಗಂತ ಪೀಲ್ ಅಂದರೇನೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಚರ್ಮದ ಡಾಕ್ಟರು ನೋಡಿ, ಕೇಳಿ, ಕಡಿಮೆ ಶಕ್ತಿಯಿಂದ ಶುರು ಮಾಡಿದರೆ ಮೊಡವೆ ಕಲೆಗೆ, ಬಂಗಿಗೆ ಉಪಯೋಗ ಆಗುತ್ತದೆ. ಆದರೆ ಮನೆಯಲ್ಲಿ ಬಳಸುವ ಗ್ಲೈಕಾಲಿಕ್ ಸಾಮಾನ್ಯವಾಗಿ 5ರಿಂದ 10 ಪರ್ಸೆಂಟ್. ಪೀಲ್‌ನಲ್ಲಿ ಅದು 20ರಿಂದ 70ರವರೆಗೂ ಇರುತ್ತದೆ. ಪರ್ಸೆಂಟ್ ಒಂದೇ ಸಾಲದು, ಪಿಎಚ್ (ಆಮ್ಲೀಯತೆಯ ಅಳತೆ) ಕಡಿಮೆ ಆದಷ್ಟೂ ಅದು ಖಾರ. ಇದನ್ನು ಹೇಳಲಾಗದವರ ಕೈಗೆ ಮುಖ ಕೊಡಬೇಡಿ. ತುಟಿ ಹತ್ತಿರ ಹರ್ಪಿಸ್ ಗುಳ್ಳೆ ಬರುತ್ತದಾ, ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ಮಾತ್ರೆ ತಗೊಂಡಿದ್ದೀರಾ, ಬಸುರಿಯಾ ಅಂತ ಕೇಳದವರ ಕೈಗೂ ಅಷ್ಟೇ.

ಇನ್ನು ಸಲೂನ್ ಸಹವಾಸವೇ ಬೇಡ ಅಂತ ಸ್ಟ್ರಾಂಗ್ ಪೀಲ್ ಬಾಟಲಿಯನ್ನು ಆನ್‌ಲೈನ್‌ನಲ್ಲಿ ತರಿಸುವವರಿದ್ದಾರೆ. ಅದು ಇನ್ನೂ ಅಪಾಯ. ಡಾಕ್ಟರ ಮೇಲ್ವಿಚಾರಣೆ ಇಲ್ಲದೆ ಇಂಥವನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಎಚ್ಚರಿಸಿತ್ತು. ಮನೆಯ ರೂಟೀನ್ ಅಂದರೆ ನನ್ನ ಪ್ರಕಾರ ಸನ್‌ಸ್ಕ್ರೀನ್, ಮಾಯಿಶ್ಚರೈಸರ್, ರಾತ್ರಿಗೆ ರೆಟಿನಾಲ್, ಅಷ್ಟು ಸಾಕು. ಬದಲಾವಣೆ ಕಾಣಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಬೇಜಾರು ನಿಜ, ಆದರೆ ಉರಿ ಅನಿಸಿದ ದಿನ ನೀವೇ ನಿಲ್ಲಿಸಬಹುದು.

ಈಗಾಗಲೇ ಸುಟ್ಟಿದ್ದರೆ: ಹರಿಯುವ ತಣ್ಣೀರಿನಲ್ಲಿ ತುಂಬಾ ಹೊತ್ತು ತೊಳೆಯಿರಿ. ಸುಲಿಯುವ ಚರ್ಮ ಕೀಳಬೇಡಿ. ಸ್ಕ್ರಬ್, ನಿಂಬೆ, ರೆಟಿನಾಲ್ ಯಾವುದೂ ಬೇಡ, ವ್ಯಾಸಲೀನ್ ಸಾಕು. ಬಿಸಿಲಿಗೆ ಮುಖ ಒಡ್ಡಬೇಡಿ. ಗುಳ್ಳೆ ಎದ್ದರೆ ಅಥವಾ ಕಣ್ಣಿಗೆ ತಾಗಿದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಹೋಗುವ ಮುಂಚೆ ಸಲೂನ್‌ಗೆ ಫೋನ್ ಮಾಡಿ ಯಾವ ಆಸಿಡ್ ಅಂತ ಕೇಳಿ, ಬಾಟಲಿಯ ಫೋಟೋ ಕಳಿಸಿ ಅನ್ನಿ. ನನಗಂತೂ ಕಳಿಸಲಿಲ್ಲ.