ಕಣೇರಿ ಸಿದ್ಧಗಿರಿ ಮ್ಯೂಸಿಯಂ: ಅತ್ತಿ, ಮಕ್ಕಳನ್ನ ಕರಕೊಂಡು ಹೋಗಾಕ ಹೇಳಿ ಮಾಡಿಸಿದ ಜಾಗ

ನಿಪ್ಪಾಣಿಯಿಂದ ಹೈವೇ ಹಿಡಿದರೆ ತಾಸಿನೊಳಗ ಕಣೇರಿ ಮಠ. ಕೊಲ್ಹಾಪುರಕ್ಕಿಂತ ಸ್ವಲ್ಪ ಮೊದಲೇ ಸಿಗತೈತಿ. ಮಠದ ಗ್ರಾಮಜೀವನ ಮ್ಯೂಸಿಯಂನಾಗ ಹಳೇ ಕಾಲದ ಇಡೀ ಹಳ್ಳೀನ ಸಿಮೆಂಟಿನ ಆಳೆತ್ತರದ ಮೂರ್ತಿಗಳಿಂದ ಕಟ್ಯಾರ. ಶುರುವಿಗೆ ಗುಹೆಯೊಳಗ ಚರಕ, ಪತಂಜಲಿಯಂಥ ಋಷಿಗಳು. ಮಕ್ಕಳು ಅಲ್ಲಿ ಬಹಳ ನಿಲ್ಲಲಿಲ್ಲ.

ನಿಜವಾದ ಹಬ್ಬ ಹೊರಗೈತಿ. ಬಡಿಗೇರ, ಕಂಬಾರ, ಕುಂಬಾರ, ಕ್ಷೌರಿಕ, ಹಿಂಗ ಊರಿನ ಕೆಲಸಾ ಮಾಡಿ ಸುಗ್ಗಿಗೆ ಕಾಳು ಪಡೀತಿದ್ದ ಎಲ್ಲಾ ಆಯಗಾರರೂ ತಮ್ಮ ಕೆಲಸದಾಗ ಮುಳುಗ್ಯಾರ. ಕೈಯ ನರ, ಮುಖದ ಸುಕ್ಕು, ಪಟಗಾದ ಮಡಿಕೆ ಸೈತ ಬಿಟ್ಟಿಲ್ಲ. ಕಂಬಾರನ ಮುಂದ ನಮ್ಮ ಅತ್ತಿಯವರು ನಿಂತೇಬಿಟ್ರು. ಬೆಂಕಿಗೆ ಗಾಳಿ ಊದೋ ತಿದಿ ಹೆಂಗ ಒತ್ತತಿದ್ರು, ನೇಗಿಲದ ಕುಡ ಹಣಿಸಿದ್ದಕ್ಕ ರೊಕ್ಕದ ಬದಲಿ ಸುಗ್ಗಿಗೆ ಜ್ವಾಳ ಅಳದು ಕೊಡತಿದ್ದದ್ದು ಹೆಂಗ, ಎಲ್ಲಾ ನನ್ನ ಮಗಳಿಗೆ ಹೇಳಿದ್ರು. "ಆಯಿ, ಮತ್ತ ಮಳಿ ಬರದಿದ್ರ?" ಅಂತ ಆಕಿ ಕೇಳಿದಳು. "ಆತಗೂ ಕಡಿಮಿ, ನಮಗೂ ಕಡಿಮಿ" ಅಂದ್ರು. ಇಂಥಾ ಮಾತು ಮನ್ಯಾಗ ಕುಂತರ ಹುಟ್ಟೂದಿಲ್ಲ.

ಬಯಲಾಗ ನಡಿಯೂದು ಬಾಳ. ಹಿರಿಯರಿದ್ರ ಮುಂಜಾನೆ ಹೋಗ್ರಿ, ತಲಿಗೆ ಟೊಪಗಿ, ಕೈಯಾಗ ನೀರು ಇರಲಿ. ಅವಸರ ಮಾಡಬ್ಯಾಡ್ರಿ, ಅರ್ಧ ದಿನ ಇಡ್ರಿ. ಬೆಳಗಾವಿ, ಚಿಕ್ಕೋಡಿ ಕಡೆಯವರಿಗೆ ಇದು ಒಂದು ದಿನದಾಗ ಆರಾಮ ಹೋಗಿಬರೋ ದಾರಿ.