ರೀಸೆಟ್ ಪಿನ್ ಶುರುವಿನಲ್ಲಿ ಹೇಗಿರಬೇಕು: ಹೈ, ಲೋ, ಇಲ್ಲಾ ಇದ್ದ ಹಾಗೇ?

ಲಿನಕ್ಸ್ ಡ್ರೈವರ್‌ನ ಪ್ರೋಬ್‌ನಲ್ಲಿ (ಸಾಧನ ಸಿಕ್ಕಾಗ ಓಡುವ ಫಂಕ್ಷನ್) ಚಿಪ್‌ನ ರೀಸೆಟ್ ಜಿಪಿಐಒ (ಸಾಫ್ಟ್‌ವೇರ್ ಹಿಡಿತದ ಪಿನ್) ಕೇಳುವಾಗ ಶುರುವಿನ ಸ್ಥಿತಿಯನ್ನೂ ಹೇಳಬೇಕು. ಎಡವಟ್ಟು ಜಾಸ್ತಿ ಆಗುವುದು ಇಲ್ಲೇ.

ಮೊದಲು ಒಂದು ಮಾತು. ಪಿನ್ನನ್ನು ಹೆಸರಿನಿಂದ ಕೇಳುವ ಈಗಿನ ಡಿಸ್ಕ್ರಿಪ್ಟರ್ ಎಪಿಐಯಲ್ಲಿ ಹೈ ಅಂದರೆ ವೋಲ್ಟೇಜ್ ಹೈ ಅಲ್ಲ, 'ರೀಸೆಟ್ ಜಾರಿಯಲ್ಲಿದೆ' ಅಂತ. ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಹಾರ್ಡ್‌ವೇರ್ ವಿವರಿಸುವ ಫೈಲ್) ಆಕ್ಟಿವ್ ಲೋ, ಅಂದರೆ ವೋಲ್ಟೇಜ್ ಇಳಿದಾಗ ರೀಸೆಟ್, ಎಂದಿದ್ದರೆ ತಂತಿಯ ಮೇಲೆ 0 ಬರುತ್ತದೆ. ಪಿನ್ ನಂಬರ್ ಕೊಟ್ಟು ವೋಲ್ಟೇಜನ್ನೇ ಬರೆಯುವ ಹಳೆಯ ನಂಬರ್ ಎಪಿಐಯಿಂದ ಬಂದ ಕೋಡ್ ಇಂಥ ಪಿನ್‌ಗೆ ಮೊದಲು 0, ಆಮೇಲೆ 1 ಬರೆಯುತ್ತದೆ. ಅದನ್ನು ಹಾಗೇ ಬಿಟ್ಟರೆ ಚಿಪ್ ರೀಸೆಟ್‌ನಲ್ಲೇ ಕೂತುಬಿಡುತ್ತದೆ, ಐಟೂಸಿಯಲ್ಲಿ (ಚಿಪ್ ಜೊತೆ ಮಾತಾಡುವ ಎರಡು ತಂತಿಯ ಬಸ್) ಎಷ್ಟು ಕರೆದರೂ ಉತ್ತರವಿಲ್ಲ. ನೀವು ತಂತಿಯನ್ನೇ ಅನುಮಾನಿಸುತ್ತಾ ಕೂರುತ್ತೀರಿ, ಅಲ್ವಾ?

ಔಟ್ ಹೈ: ಕರೆಂಟ್ ಕೊಡುವ ಮೊದಲೇ ಚಿಪ್ ರೀಸೆಟ್‌ನಲ್ಲಿರುತ್ತದೆ. ರೆಗ್ಯುಲೇಟರ್ (ಚಿಪ್‌ಗೆ ವೋಲ್ಟೇಜ್ ಕೊಡುವುದು), ಕ್ಲಾಕ್ ಆನ್ ಮಾಡಿ, ಡೇಟಾಶೀಟ್ ಹೇಳಿದಷ್ಟು ಕಾದು, 0 ಬರೆದು ಬಿಡುಗಡೆ ಮಾಡಿ. ಕ್ಯಾಮೆರಾ ಸೆನ್ಸರ್, ಟಚ್ ಚಿಪ್‌ಗಳಿಗೆ ನನ್ನ ಓಟು ಇದಕ್ಕೇ.

ಔಟ್ ಲೋ: ಕೇಳಿದ ಕ್ಷಣವೇ ರೀಸೆಟ್ ಬಿಟ್ಟಂತೆ. ಸಪ್ಲೈ ಇನ್ನೂ ಬಂದಿರದಿದ್ದರೆ ಕ್ರಮ ತಪ್ಪುತ್ತದೆ. ಚಿಪ್ ಆಗಲೇ ಓಡುತ್ತಿದೆ, ಸುಮ್ನೆ ಕೆಣಕುವುದು ಬೇಡ ಅಂದಾಗ ಸರಿ.

ಆಸ್ ಈಸ್: ಪಿನ್ನನ್ನು ಇದ್ದ ಹಾಗೇ ಬಿಡುವುದು. ಬೂಟ್‌ಲೋಡರ್ (ಲಿನಕ್ಸ್‌ಗಿಂತ ಮೊದಲು ಓಡುವ ಪ್ರೋಗ್ರಾಂ) ತೋರಿಸಿದ ಲೋಗೋ ಪರದೆಯಲ್ಲಿ ಮಿನುಗದೆ ಉಳಿಯಬೇಕಾದರೆ ಇದು. ಆದರೆ ದಿಕ್ಕನ್ನು ಆಮೇಲೆ ನೀವೇ ಔಟ್‌ಪುಟ್ ಮಾಡಬೇಕು. ಮರೆತರೆ 0, 1 ಏನು ಬರೆದೂ ಪ್ರಯೋಜನವಿಲ್ಲ.